ಅಮಾಸೆಯ ನೊಗ

ಬೊಮ್ಮಣ್ಣನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಾರಾದರೂ ಕೇಳಿದರೆ ಅವನೇ ಹಾಗೆ ಹೇಳುತ್ತಿದ್ದ. ಮಡಕಶಿರದ ಕಡೆಗೆ ರೈಲು ಇನ್ನೂ ಬಂದಿರದ ಕಾಲ ಅದು. ಅಮರಾಪುರದ ಹುಣಿಸೆಹಣ್ಣನ್ನು ಗಾಡಿಗೆ ಹೇರಿಕೊಂಡು ನೆಲ್ಲೂರಿನಾಚೆ ಕಡಲ ದಂಡೆಗೆ ಹೋಗುವುದು, ಅಲ್ಲಿಂದ ಉಪ್ಪು ತುಂಬಿಕೊಂಡು ಬರುವುದು ಅವನ ಕಸುಬು. ಆ ವರ್ಷ ಮಗ ಸಂಜೀವಪ್ಪನ ಜೊತೆಗೆ ಸೊಸೆ ಪಾಲಮ್ಮನನ್ನೂ ಹೊರಡಿಸಿದ. ಪ್ರೀತಿಯೇನಲ್ಲ, ದಾರಿಯಲ್ಲಿ ಮುದ್ದೆ ತಿರುವುವುದಕ್ಕೆ ಜನ ಬೇಕಿತ್ತು. ಪಾಲಮ್ಮನ ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಉಜ್ಜಿನಮ್ಮನೂ ಹೋದಳು.

ಕಡಲ ದಂಡೆಯಲ್ಲಿ ಗಾಡಿಗೆ ಉಪ್ಪು ತುಂಬಿದ ಮಾರನೆಯ ದಿನ ಕಾರ್ತಿಕದ ಅಮಾವಾಸ್ಯೆ. ಗಾಳಿ ಆಗಲೇ ಎದ್ದಿತ್ತು. ಬೆಳಗ್ಗೆ, ಉಪ್ಪಿನ ಮಡಿಗಳಲ್ಲಿ ಕೆಲಸ ಮಾಡುವ ತೆಲುಗು ಮುದುಕಿಯೊಬ್ಬಳು ಗಂಟುಮೂಟೆ ಹೊತ್ತುಕೊಂಡು ಅವರ ಬಿಡಾರದ ಮುಂದೆ ನಿಂತಳು. ಇಲ್ಲಿರಬೇಡಿ, ಮರಳುದಿಬ್ಬದಾಚೆಯ ಊರಿಗೆ ಈಗಲೇ ನಡೆಯಿರಿ ಎಂದಳು. ಕಡಲು ದಿನಕ್ಕೆರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ; ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬು ಜಾಸ್ತಿ. ಬರೀ ಉಬ್ಬಾದರೆ ಮಡಿಗಳ ಕಟ್ಟೆ ತಡೆಯುತ್ತದೆ. ಕಡಲು ಇಳಿದಿದ್ದಾಗ ಬಿರುಗಾಳಿ ಬಂದರೂ ತಡೆದೀತು. ಇವತ್ತು ದೀಪ ಹಚ್ಚುವ ಹೊತ್ತಿಗೆ ಎರಡೂ ಒಟ್ಟಿಗೆ ಬರುತ್ತವೆ. ಉಬ್ಬಿದ ನೀರಿನ ಮೇಲೆ ಗಾಳಿ ಇನ್ನಷ್ಟು ನೀರನ್ನು ನೂಕಿ ತಂದು ಪೇರಿಸುತ್ತದೆ, ಆಗ ಕಟ್ಟೆ ಗಿಟ್ಟೆ ಏನೂ ಉಳಿಯುವುದಿಲ್ಲ. ಇಷ್ಟು ಹೇಳಿ ಮುದುಕಿ ಮಗುವಿನ ಕಡೆ ಒಮ್ಮೆ ನೋಡಿ ಹೊರಟೇ ಹೋದಳು.

ಪಾಲಮ್ಮ ಮಗುವನ್ನು ಎತ್ತಿಕೊಂಡಳು. "ಮಾವ, ಈಗ್ಲೇ ಗಾಡಿ ಕಟ್ಟಾನ. ಮಗೀನ ಇಟ್ಕಂಡು ಇಲ್ಲಿರಾದು ಬ್ಯಾಡ" ಎಂದಳು.

"ಅಮಾಸೆ ದಿನ ಎತ್ತಿನ ಹೆಗಲಿಗೆ ನೊಗ ಇಕ್ಕಿದೋನು ನಮ್ಮ ವಂಶದಾಗೆ ಯಾವನೂ ಇಲ್ಲ ಕಣಮ್ಮ" ಎಂದ ಬೊಮ್ಮಣ್ಣ.

ಅದೇನೋ ನಿಜವೇ. ಆ ಸೀಮೆಯಲ್ಲಿ ಅಮಾವಾಸ್ಯೆಯೆಂದರೆ ಎತ್ತಿಗೆ ಬಿಡುವು. ಅಂದು ಆರು ಕಟ್ಟಿ ಹೊಲ ಉತ್ತವನೂ ಗಾಡಿ ಹೂಡಿದವನೂ ಊರ ನ್ಯಾಯದ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಸಾಲದ್ದಕ್ಕೆ ಬೊಮ್ಮಣ್ಣ ನೀರಿನ ಪಾಠವನ್ನೂ ಶುರುಮಾಡಿದ. ತಾನು ಹುಟ್ಟಿದ್ದೇ ಕೆರೆಯ ಕೆಳಗೆ. ನೀರು ಯಾವತ್ತೂ ಮೇಲಿಂದ ಕೆಳಕ್ಕೆ ಬರುತ್ತದೆ. ಕೆಳಗಿನ ನೀರು ಮೇಲಕ್ಕೆ ಹತ್ತಿ ಬಂದದ್ದನ್ನು ತನ್ನಪ್ಪನೂ ಕಂಡಿಲ್ಲ ಎಂದ.

ಪಾಲಮ್ಮ ಗಂಡನ ಕಡೆ ತಿರುಗಿದಳು. ಸಂಜೀವಪ್ಪ ಸೀನು ಬಂದರೂ ಅಪ್ಪನ ಮುಖ ನೋಡುವ ಆಸಾಮಿ. ಆಗಲೂ ಅದನ್ನೇ ನೋಡಿದ. ಹಾಗಾದರೆ ನಾನೇ ಮಗುವನ್ನು ಎತ್ತಿಕೊಂಡು ನಡೆದು ಹೋಗುತ್ತೇನೆ ಎಂದು ಅವಳು ಹೊರಟಳು. ಬೊಮ್ಮಣ್ಣ ಎದ್ದು ಬಂದು ಅವಳ ಸೊಂಟದಿಂದ ಮಗುವನ್ನು ಕಿತ್ತುಕೊಂಡ. ನೀನು ಎಲ್ಲಿಗಾದರೂ ಹೋಗು, ನಮ್ಮ ಮನೆಯ ಕೂಸು ಅಮಾಸೆ ದಿನ ಹೊಸ ದಾರಿ ತುಳಿಯುವುದಿಲ್ಲ ಎಂದ. ಯಾವ ತಾಯಿ ಹೋಗುತ್ತಾಳೆ? ಪಾಲಮ್ಮ ಅಲ್ಲೇ ಕುಳಿತಳು.

ಮಧ್ಯಾಹ್ನ ಕಡಲು ದೂರಕ್ಕೆ ಇಳಿಯಿತು. ಕೆಸರು ಕಾಣುವಷ್ಟು ಇಳಿಯಿತು. ಬೊಮ್ಮಣ್ಣನ ಜಂಬ ಹೇಳತೀರದು. ಮುದುಕಿಯ ಕಡಲು ತನಗೆ ಹೆದರಿ ಓಡಿಹೋಯಿತೆಂದು ಮಗನಿಗೆ ತೋರಿಸಿ ನಕ್ಕ, ಉಂಡ, ಮಲಗಿದ.

ಹೊತ್ತು ಮುಳುಗುವಾಗ ಗಾಳಿ ಬಿಡಾರಕ್ಕೆ ಹೊದಿಸಿದ್ದ ತಾಳೆಗರಿಗಳನ್ನು ಹಾರಿಸಿಕೊಂಡು ಹೋಯಿತು, ಅದರ ಹಿಂದೆಯೇ ನೀರು ಬಂತು. ಅಲೆಯಾಗಿ ಬರಲಿಲ್ಲ. ಕಟ್ಟೆಯನ್ನು ನುಂಗಿ, ಮಡಿಗಳನ್ನೆಲ್ಲ ಒಂದು ಮಾಡಿಕೊಂಡು, ಏರುತ್ತಲೇ ಬಂತು. ಮೊಣಕಾಲು ಮುಟ್ಟಿದಾಗ ಬೊಮ್ಮಣ್ಣ ಎತ್ತುಗಳನ್ನು ಎಳೆದು ತಂದು ತಾನೇ ನೊಗ ಇಕ್ಕಿದ. ವಂಶದ ಮಾತು ಆಗ ಅವನ ಬಾಯಲ್ಲಿ ಬರಲಿಲ್ಲ.

ಗಾಲಿಗಳು ಕೆಸರಲ್ಲಿ ಹೂತುಹೋಗಿದ್ದವು. ಉಪ್ಪಿನ ಮೂಟೆ ಕೆಳಕ್ಕೆ ಹಾಕಿ ಎಂದು ಪಾಲಮ್ಮ ಕಾಲಿಗೆ ಬಿದ್ದಳು. ಬೊಮ್ಮಣ್ಣ ಒಪ್ಪಲಿಲ್ಲ, ಮೂಟೆಗಳಿಗಿಂತ ಎತ್ತರದ ಜಾಗ ಇಲ್ಲಿ ಎಲ್ಲಿದೆ ಎಂದು ಮಗುವನ್ನು ಅವುಗಳ ಮೇಲೆ ಕೂರಿಸಿದ. ಪಾಲಮ್ಮನಿಗೂ ಆ ಗಳಿಗೆಯಲ್ಲಿ ಅದು ಸರಿಯೆನ್ನಿಸಿತು. ನೀರಿಗೆ ಬಿದ್ದ ಉಪ್ಪು ಕರಗುತ್ತದೆಂದು ಲೋಕದಲ್ಲಿ ಯಾರಿಗೆ ಗೊತ್ತಿಲ್ಲ! ಆ ಮೂವರಿಗೂ ಹೊಳೆಯಲಿಲ್ಲ.

ನೀರು ಎದೆಮಟ್ಟಕ್ಕೆ ಬಂದಾಗ ಅಡಿಯ ಮೂಟೆಗಳು ಸೊರಗಿ, ಮೇಲಿನ ಹೇರು ಎತ್ತುಗಳ ಕಡೆಗೆ ವಾಲಿತು. ಪಾಲಮ್ಮ ಗಾಡಿಯ ಹಿಂಬದಿಗೆ ಜೋತುಬಿದ್ದಿದ್ದಳು, ಅವಳ ಕೈ ಮಗುವಿಗೆ ಎಟುಕುತ್ತಿರಲಿಲ್ಲ. ಸಂಜೀವಪ್ಪ ಮುಂದಿದ್ದ, ಕೈಚಾಚಿದರೆ ಸಾಕಿತ್ತು. ಮಗೀನ ಹಿಡಕೋ ಎಂದು ಅವಳು ಅರಚಿದಳು. ಎತ್ತಿನ ಹಗ್ಗ ಕೊಯ್ಯೋ ಎಂದು ಅಪ್ಪ ಅರಚಿದ. ಸಂಜೀವಪ್ಪ ಕುಡುಗೋಲು ತೆಗೆದು ಹಗ್ಗ ಕೊಯ್ದ. ಮಗು ಜಾರಿತು.

ಎತ್ತುಗಳು ಈಜಿದವು. ಅಪ್ಪ ಮಗ ಅವುಗಳ ಬಾಲ ಹಿಡಿದು ದಿಬ್ಬ ಸೇರಿದರು. ಪಾಲಮ್ಮನನ್ನು ನೀರು ಒಂದು ತಾಳೆಮರಕ್ಕೆ ಒತ್ತಿ ಬಿಟ್ಟುಹೋಯಿತು. ನೀರಿಳಿದ ಮೇಲೆ ಎಷ್ಟು ಹುಡುಕಿದರೂ ಮಗು ಸಿಗಲಿಲ್ಲ.

ಗಾಡಿಯಿಲ್ಲದೆ ಬರಿಗೈಯಲ್ಲಿ ಬಂದವರನ್ನು ಅಮರಾಪುರ ಸುಮ್ಮನೆ ಬಿಡುತ್ತದೆಯೇ? ಅಮಾವಾಸ್ಯೆಯ ದಿನ ಹೂಡಿದ ಸುದ್ದಿ ಹೊರಬಿತ್ತು. ಊರ ಗೌಡ ದೊಡ್ಡಮಲ್ಲಪ್ಪ ಕಟ್ಟೆಗೆ ಕರೆಸಿದ. ಸೊಸೆಯ ಕಾಟ ತಾಳಲಾರದೆ ಹೂಡಿದೆ ಎಂದು ಬೊಮ್ಮಣ್ಣ ಕಣ್ಣೊರೆಸಿಕೊಂಡ. ಗಾಡಿ ಕಟ್ಟೆಂದು ಮೊದಲು ಬಾಯಿಬಿಟ್ಟವರು ಯಾರು ಎಂದು ಗೌಡ ಸಂಜೀವಪ್ಪನನ್ನು ಕೇಳಿದ. ಅವನು ಅಪ್ಪನ ಮುಖ ನೋಡಿ, "ಇವ್ಳೇ" ಅಂದ.

"ನಾನೇ ಅಂದೆ" ಎಂದಳು ಪಾಲಮ್ಮ. "ಬೆಳಗ್ಗೇನೇ ಅಂದೆ. ಆವಾಗ್ಲೇ ಕಟ್ಟಿದ್ರೆ ನನ್ನ ಕೂಸು ಉಳಿಯಾದು."

ಮೊದಲ ಮಾತಿಗೇ ಗೌಡ ಸಾಕೆಂದು ಕೈಯೆತ್ತಿದ್ದ, ಮಿಕ್ಕದ್ದು ಯಾರಿಗೂ ಬೇಕಾಗಿರಲಿಲ್ಲ. ಎತ್ತುಗಳಿಗೆ ಅರಿಸಿನದ ನೀರೆರೆದು ಶಾಂತಿ ಮಾಡಿಸಬೇಕು, ಹೆಂಗಸು ತವರಿಗೆ ಹೋಗಬೇಕು ಎಂದು ತೀರ್ಮಾನವಾಯಿತು.

ಅವಳ ತವರು ಅದೇ ಸೀಮೆಯ ರತ್ನಗಿರಿ. ಗಂಟು ಹೊತ್ತು ಕಳಿಸಿಬರಲು ಸಂಜೀವಪ್ಪನೇ ಹೊರಟ. ದಾರಿ ಸವೆದು ರತ್ನಗಿರಿಯ ಕೋಟೆಯ ಬೆಟ್ಟ ಕಾಣಿಸಿತು. ಅಲ್ಲಿ ಅವನು ನಿಂತು, "ಮಗು ಜಾರಿದ್ದು ನಾನು ನೋಡ್ಲಿಲ್ಲ ಕಣೆ" ಎಂದ.

"ನೋಡ್ಲಿಲ್ಲ, ಸರಿ. ಅದು ನನ್ನ ಕರೀಲಿಲ್ಲ. ಅಪ್ಪಾ ಅಂತ ಎರಡು ಸಲ ಕರೀತು."

ಸಂಜೀವಪ್ಪ ಗಂಟನ್ನು ಕೆಳಗಿಟ್ಟ.

"ಕೇಳಿಸ್ತು" ಎಂದ. ಆಮೇಲೆ ಎತ್ತುಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ಊರ ಕಡೆ ತಿರುಗಿ ನಡೆದ.