ತಲೆಯ ಬಳಿಯೋ, ಕಾಲ ಬಳಿಯೋ

ಕೆಲೆಪಿಯ ಹೆಣ ಆಸ್ಪತ್ರೆಯಿಂದ ಮನೆಗೆ ಬರುವುದಕ್ಕೆ ಇನ್ನೂ ಮೂರು ಗಂಟೆ ಇತ್ತು. ಅಷ್ಟರೊಳಗೆ ಪಿಸಿಲಾ ಎರಡು ಕೆಲಸ ಮುಗಿಸಬೇಕಿತ್ತು. ಸತ್ತವನ ಒಂದು ಫೋಟೊ ದೊಡ್ಡದು ಮಾಡಿ ತರುವುದು ಮನೆಯವರು ಹೇಳಿದ ಕೆಲಸ. ತಾನು ಅವನಿಗೆ ಏನಾಗಬೇಕು ಎಂದು ಗೊತ್ತುಮಾಡಿಕೊಳ್ಳುವುದು ಯಾರೂ ಬಾಯಿಬಿಟ್ಟು ಹೇಳದ ಕೆಲಸ.

ಪಿಸಿಲಾಳನ್ನು ಹೆತ್ತವಳು ಕೆಲೆಪಿಯ ಅಕ್ಕ ತೋಕಿಲುಪೆ. ಮೂರು ತಿಂಗಳ ಕೂಸನ್ನು ತಂದು ಮಕ್ಕಳಿಲ್ಲದ ತಮ್ಮನ ಹೆಂಡತಿಯ ಮಡಿಲಿಗೆ ಹಾಕಿ, ಹಿಂದಿರುಗಿ ನೋಡದೆ ದೋಣಿ ಹತ್ತಿದ್ದಳಂತೆ. ಕೆಲೆಪಿಯೂ ಇಲೈಸಾನೆಯೂ ಸಾಕಿದರು. ಅಪ್ಪ, ಅಮ್ಮ ಎಂದರೆ ಅವರೇ; ತೋಕಿಲುಪೆ ಅತ್ತೆ. ವವಾವು ದ್ವೀಪದಲ್ಲಿ ಇಂಥದ್ದು ಬೀದಿಗೊಂದು ಮನೆಯಲ್ಲಿ ಇದ್ದೀತು, ಯಾರೂ ಎತ್ತಿ ಆಡುವುದಿಲ್ಲ. ಸಾವಾದ ದಿನ ಮಾತ್ರ, ನಂಟಿಗೆ ತಕ್ಕಂತೆ ಸೊಂಟಕ್ಕೆ ಕಟ್ಟುವ ಚಾಪೆ ಬಾಯಿ ಬಿಡುತ್ತದೆ.

ಸತ್ತವನ ಅಕ್ಕನ ಮಗಳಾದರೆ ನಯವಾದ ಹಳೇ ಚಾಪೆ ಕಟ್ಟಿ ಹೆಣದ ತಲೆಯ ಬಳಿ ಕೂರಬೇಕು. ಎಲ್ಲರಿಗಿಂತ ಮೇಲಿನವಳು ಅವಳು, ಹಣೆ ಸವರಬಹುದು. ಸ್ವಂತ ಮಗಳಾದರೆ ಹರಿದ ಒರಟು ಚಾಪೆ ಎದೆಮಟ್ಟಕ್ಕೆ ಸುತ್ತಿ, ಕೂದಲು ಬಿಚ್ಚಿ, ಕಾಲ ಕಡೆ ಮುಖ ತೋರಿಸಿ, ಹಿತ್ತಿಲ ನೆಲದೊಲೆಯ ಹೊಗೆಯಲ್ಲಿ ಅಡುಗೆಗೆ ಹೋಗಬೇಕು. ಅಪ್ಪನ ತಲೆ ಮಕ್ಕಳು ಮುಟ್ಟುವಂಥದ್ದಲ್ಲ. ಮೂವತ್ತೆರಡು ವರ್ಷದಲ್ಲಿ ಪಿಸಿಲಾ ಒಮ್ಮೆಯೂ ಮುಟ್ಟಿರಲಿಲ್ಲ.

ಬೆಳಿಗ್ಗೆ ದೋಣಿ ಇಳಿದು ಬಂದ ತೋಕಿಲುಪೆ ನಯವಾದ ಚಾಪೆಯನ್ನು ಬಿಚ್ಚಿ ತೋರಿಸಿದ್ದಳು. ಬಟ್ಟೆಯಷ್ಟು ಮೆತ್ತಗಿತ್ತು.

"ನಮ್ಮಜ್ಜಿದು ಇದು. ನಂಗಿರೋದು ಮೂರೂ ಗಂಡು. ನನ್ನ ಪಕ್ಕ ತಲೆ ಹತ್ರ ನೀನು ಕೂತ್ಕೋತೀಯ. ನಾನು ಹೋದ್ಮೇಲೆ ಈ ಜಾಗ ನಿಂದೇ."

ಇಲೈಸಾನೆ ಹೊಗೆವಾಸನೆಯ ಹರಕು ಚಾಪೆಯೊಂದನ್ನು ಪಿಸಿಲಾಳ ಮಂಚದ ಮೇಲಿಟ್ಟು ಗೆಡ್ಡೆ ಹೆರೆಯಲು ಕೂತಳು. "ನೀನು ಯಾವ್ದು ಕಟ್ಕೊಂಡ್ರೂ ನಂಗೆ ಬೇಜಾರಿಲ್ಲ ಮಗಾ" ಎಂದಳು. ಕೈಯಲ್ಲಿದ್ದ ಗೆಡ್ಡೆಯನ್ನು ಹೆರೆಯುತ್ತ ಹೆರೆಯುತ್ತ ಹೆಬ್ಬೆರಳಷ್ಟು ಮಾಡಿಬಿಟ್ಟಿದ್ದಳು, ಗಮನವಿರಲಿಲ್ಲ.

ಪಿಸಿಲಾ ಎರಡೂ ಚಾಪೆಗಳನ್ನು ಚೀಲಕ್ಕೆ ತುಂಬಿಕೊಂಡು ನೇಯಾಫು ಪೇಟೆಯ ತನ್ನ ಫೋಟೊ ಅಂಗಡಿಗೆ ಬಂದಳು. ವ್ಯಾನು ಓಡಿಸಿದವಳು ಇಲೈಸಾನೆಯ ತಮ್ಮನ ಮಗಳು ಉಯಿನಿಸೆ.

ಅಂಗಡಿಯಲ್ಲಿ ಬಿಳಿ ಪರದೆ, ಒಂದು ಸ್ಟೂಲು, ಮುಕ್ಕಾಲಿಯ ಮೇಲೆ ಕ್ಯಾಮೆರಾ. ಪಾಸ್‌ಪೋರ್ಟಿಗೆ ಊರವರೆಲ್ಲ ಆ ಸ್ಟೂಲಿನ ಮೇಲೆ ಕೂತು ಹೋದವರೇ. ಶನಿವಾರ ಬಾಗಿಲು ಎಳೆದ ಮೇಲೆ ಅಲ್ಲಿ ಪಿಸಿಲಾ ಕೂರುತ್ತಾಳೆ, ಟೈಮರ್ ಇಟ್ಟು ತನ್ನದೇ ಚಿತ್ರ ತೆಗೆದುಕೊಳ್ಳುತ್ತಾಳೆ. ಹತ್ತೊಂಬತ್ತರ ವಯಸ್ಸಿನಲ್ಲಿ ಚರ್ಚಿನ ಅಂಗಳದಲ್ಲಿ ಒಬ್ಬ ಮುದುಕಿ ಅವಳ ಗಲ್ಲ ಹಿಡಿದು "ಅಯ್ಯೋ, ತೋಕಿಲುಪೆನೇ ಇವಳು" ಎಂದಿದ್ದಳು. ಅಲ್ಲಿಂದ ಶುರುವಾದದ್ದು. ಕನ್ನಡಿ ಆಯಾ ಕ್ಷಣಕ್ಕೆ ಒಪ್ಪುವ ಮುಖ ತೋರಿಸಿ ಕೈತೊಳೆದುಕೊಳ್ಳುತ್ತದೆ. ಚಿತ್ರ ಹಾಗಲ್ಲ, ಕೂತು ಕೇಳಿದರೆ ಒಂದು ದಿನ ಉತ್ತರ ಹೇಳೀತು ಎಂದು ಅವಳು ನಂಬಿದ್ದಳು. ಹದಿಮೂರು ವರ್ಷದ ಶನಿವಾರಗಳು ಡಬ್ಬಿಗಳಲ್ಲಿ ತುಂಬಿದ್ದವು. ಉತ್ತರ ಬಂದಿರಲಿಲ್ಲ. ಊರು ಮಾತ್ರ, ಗಂಡು ಸಿಗದೆ ಕ್ಯಾಮೆರಾನೇ ಕಟ್ಟಿಕೊಂಡಳು ಎಂದು ನಗುತ್ತಿತ್ತು.

ಮೊದಲು ಕೆಲೆಪಿಯ ಫೋಟೊ ಅಚ್ಚಿಗೆ ಹಾಕಿದಳು. ಕಳೆದ ವರ್ಷ ಬಲೆ ಹೆಗಲಿಗೆ ಹಾಕಿಕೊಂಡು ನಿಂತದ್ದು. ಕಣ್ಣು ಕಿರಿದು ಮಾಡಿ, ಬೇಗ ಮುಗಿಸೇ ಎನ್ನುವ ಮುಖ. ಮುದ್ರಣಯಂತ್ರ ಅವನ ಹಣೆಯಿಂದ ಶುರುಮಾಡಿ ಸಾವಕಾಶವಾಗಿ ಹೊರಗೆ ಬಿಡುತ್ತಿರುವಾಗ ಪಿಸಿಲಾ ನಯವಾದ ಚಾಪೆ ಕಟ್ಟಿಕೊಂಡು ಪರದೆಯ ಮುಂದೆ ನಿಂತಳು. ಕ್ಯಾಮೆರಾ ಹತ್ತು ಎಣಿಸಿತು, ಕ್ಲಿಕ್ ಎಂದಿತು.

ಬಾಗಿಲಲ್ಲಿ ಇಣುಕಿದ ಉಯಿನಿಸೆಯ ಬಾಯಲ್ಲಿ ಬಿಸ್ಕತ್ತಿತ್ತು. "ಏನೇ ಇದು, ಸಾವಿನ ಮನೇಗೆ ಬಟ್ಟೆ ಆರಿಸ್ತಾ ಇದೀಯಾ?"

"ಸುಮ್ನಿರೇ. ಇದ್ರಲ್ಲಿ ನಾನು ಯಾರ ಥರ ಕಾಣ್ತೀನಿ, ನೋಡಿ ಹೇಳು."

ಉಯಿನಿಸೆ ಕ್ಯಾಮೆರಾದ ಹಿಂಬದಿಗೆ ಬಗ್ಗಿ ನೋಡಿದಳು. ಅಗಿಯುವುದು ನಿಂತಿತು. "ಮಾವನ ಥರ. ಕೆಲೆಪಿ ಮಾವ ಲಂಗ ಹಾಕ್ಕೊಂಡು ನಿಂತಂಗಿದೆ."

ನಿಜವಾಗಿತ್ತು. ಗಲ್ಲ ತೋಕಿಲುಪೆಯದು, ಆದರೆ ಕಣ್ಣು, ಹುಬ್ಬಿನ ನಡುವಿನ ಗೆರೆ, ಬೇಗ ಮುಗಿಸೇ ಎನ್ನುವ ಆ ನೋಟ ಅಚ್ಚಾಗಿ ಬರುತ್ತಿದ್ದ ಮುಖದ್ದೇ. ಅಕ್ಕ ತಮ್ಮ ಒಂದೇ ಒಡಲಿನವರು, ಹೋಲಿಕೆ ಬರದೆ ಇರುತ್ತದೆಯೇ? ಆದರೂ ನೀನು ಅವನ ಮಗಳಲ್ಲ ಎಂದು ಹೇಳುವ ಚಾಪೆಯಲ್ಲೇ ಅವಳು ಅವನಂತೆ ಕಾಣುತ್ತಿದ್ದಳು.

ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ ಹರಕು ಚಾಪೆ ಸುತ್ತಿಕೊಂಡಳು, ಜಡೆ ಬಿಚ್ಚಿದಳು. ಮತ್ತೆ ಹತ್ತು ಎಣಿಸಿತು.

"ಈಗ?"

"ಈಗ ನಮ್ಮತ್ತೆ" ಎಂದಳು ಉಯಿನಿಸೆ ತಡಮಾಡದೆ. "ಇಲೈಸಾನೆ ಅತ್ತೇನೇ. ನೋಡು, ಸೊಂಟದ ಮೇಲೆ ಕೈಯಿಟ್ಟು ಒಂದು ಕಾಲ ಮೇಲೆ ಭಾರ ಬಿಟ್ಟಿದೀಯ. ಗೆಡ್ಡೆ ಬೆಂದಿಲ್ಲ ಅಂತ ಬೈಯೋಕೆ ನಿಂತಂಗೆ."

"ಅಮ್ಮಂಗೂ ನಂಗೂ ರಕ್ತ ಸಂಬಂಧಾನೇ ಇಲ್ವಲ್ಲೇ."

"ನಿಲ್ಲೋದಕ್ಕೆ ರಕ್ತ ಯಾಕೆ ಬೇಕು? ಕಾಲು ಸಾಕು." ಉಯಿನಿಸೆ ನಕ್ಕಳು, ಆಮೇಲೆ ನಗಬಾರದಿತ್ತೇನೋ ಎಂದು ಬಿಸ್ಕತ್ತಿನ ಪುಡಿ ಒರೆಸಿಕೊಂಡಳು. "ನೋಡು ಪಿಸಿಲಾ, ಇದನ್ನ ಫೋಟೊ ತೆಗೆದು ಕಂಡುಹಿಡಿಯೋಕಾಗಲ್ಲ. ಬೇಗ ಬಾ. ಗಾಡಿ ಬಿಸಿಲಲ್ಲಿ ನಿಂತಿದೆ."

ಯಾವ ಚಾಪೆಯೂ ಇಲ್ಲದೆ ಒಂದು ತೆಗೆದರೆ ಹೇಗೆ ಎಂದು ಪಿಸಿಲಾಳಿಗೆ ಅನಿಸಿತು. ಕೈ ಚಾಪೆಯ ಗಂಟಿನವರೆಗೆ ಹೋಯಿತು. ಸಾವಿನ ದಿನ ಸೊಂಟಕ್ಕೆ ಏನೂ ಇಲ್ಲದೆ ನಿಲ್ಲುವವಳು ಯಾರೆಂದು ನೆನೆದು ಹೆದರಿದಳು. ಅಂಥವಳು ಯಾರಿಗೂ ಏನೂ ಆಗಬೇಕಾದವಳಲ್ಲ. ಹೊರಗೆ ಉಯಿನಿಸೆ ಹಾರನ್ ಒತ್ತಿದಳು. ಪಿಸಿಲಾ ಕೆಲೆಪಿಯ ಚಿತ್ರವನ್ನು ಸುರುಳಿ ಸುತ್ತಿ, ಚೀಲ ಎತ್ತಿಕೊಂಡು, ಮೈಮೇಲಿದ್ದ ಹರಕು ಚಾಪೆಯಲ್ಲೇ ಓಡಿದಳು. ಆರಿಸಿಕೊಂಡಳು ಎನ್ನುವಂತಿಲ್ಲ. ಹಾರನ್ ಆದಾಗ ಮೈಮೇಲಿದ್ದದ್ದು ಅದು, ಅಷ್ಟೆ.

ಅವರು ಮನೆ ಮುಟ್ಟುವಾಗ ಹೆಣ ಬಂದಾಗಿತ್ತು. ನಡುಮನೆ ತುಂಬ ಕಪ್ಪು ಬಟ್ಟೆಯ ಹೆಂಗಸರು. ಸ್ತುತಿಪದದ ಒಂದು ಸಾಲು ಎದ್ದು, ಇನ್ನೊಂದು ಸಾಲು ಅದರ ಹೆಗಲ ಮೇಲೆ ಕೈಯಿಟ್ಟು, ಮನೆಯೇ ನಿಧಾನ ಉಸಿರಾಡುವಂತಿತ್ತು. ತಲೆಯ ಬಳಿ ತೋಕಿಲುಪೆ ನೋಯುವ ಮಂಡಿ ಚಾಚಿ ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು.

ಪಿಸಿಲಾ ಕಾಲ ಬಳಿ ಮೊಣಕಾಲೂರಿದಳು. ಪದ ಮುಗಿಯುವವರೆಗೆ ತೋಕಿಲುಪೆ ಕಾದಳು.

"ನಾನು ಕೊಟ್ಟ ಚಾಪೆ ಎಲ್ಲಿ?"

"ಚೀಲದಲ್ಲಿದೆ."

"ಹೋಗಿ ಕಟ್ಕೊಂಡು ಬಾ."

ಹೆಂಗಸರ ಬೀಸಣಿಗೆಗಳು ನಿಂತವು. ತಲೆಯ ಬಳಿ ಕೂತವಳ ಮಾತನ್ನು ಆ ಮನೆಯಲ್ಲಿ ಯಾರೂ ಮೀರುವಂತಿರಲಿಲ್ಲ. ಪಿಸಿಲಾ ಏಳಹೊರಟವಳು ಮತ್ತೆ ಕೂತಳು.

"ಯಾರಾಗಿ ಹೇಳ್ತಿದೀರಿ?" ಎಂದಳು. ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. "ಅತ್ತೆಯಾಗಿ ಹೇಳಿದ್ರೆ ನಾನು ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ಅತ್ತೆ ಮಾತು ಕೇಳಿದ್ರೆ ನಾನು ಅಪ್ಪನ ಮಗಳಾದೆ. ಅಪ್ಪನ ಮಗಳು ಅಲ್ಲಿ ಕೂರೋ ಹಾಗಿಲ್ಲ. ಇನ್ನು ಅಮ್ಮನಾಗಿ ಹೇಳಿದ್ರೆ..."

ಆ ಹೆಸರಿನಿಂದ ಅವಳನ್ನು ಎಂದೂ ಕರೆದಿರಲಿಲ್ಲ.

"ಹೇಳಿದ್ರೆ?"

"ಗೊತ್ತಿಲ್ಲ. ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ. ನೀವೇ ಹೇಳಿ."

ತೋಕಿಲುಪೆ ತಮ್ಮನ ಮುಖವನ್ನು ನೋಡಿದಳು. "ಹೆಣದ ಮುಂದೆ ಕೂತು ವಾದ ಮಾಡೋದು ಯಾರು ಕಲಿಸಿದ್ರೇ ನಿಂಗೆ?"

"ಅಪ್ಪ."

ಗೋಡೆಯ ಕಡೆ ಯಾರೋ ಬೀಸಣಿಗೆಯ ಮರೆಯಲ್ಲಿ ನಕ್ಕರು. ಕೆಲೆಪಿಯ ವಾದ ಊರಿಗೆಲ್ಲ ಗೊತ್ತಿತ್ತು. ತೋಕಿಲುಪೆಯ ತುಟಿಯೂ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ.

"ಕತ್ತರಿ ತನ್ನಿ" ಎಂದಳು.

ಸತ್ತವನ ಮಕ್ಕಳ ಕೂದಲು ಕತ್ತರಿಸುವುದು ಅವನ ಅಕ್ಕನ ಕೆಲಸ. ಅದು ಮಣ್ಣಾದ ಮೇಲಿನ ಮಾತು. ಆದರೆ ಈಗಲ್ಲ, ಆಮೇಲೆ ಎಂದು ಅವಳಿಗೆ ಹೇಳುವವರು ಯಾರು? ಕತ್ತರಿ ಬಂತು. ತೋಕಿಲುಪೆ ಮಂಡಿ ಹಿಡಿದುಕೊಂಡು ಎದ್ದು, ಹೆಣದ ಉದ್ದಕ್ಕೂ ನಡೆದು, ಕಾಲ ಬಳಿಗೆ ಬಂದು ಪಿಸಿಲಾಳ ಹಿಂದೆ ಕೂತಳು. ಕೂದಲನ್ನೆಲ್ಲ ಒಂದೇ ಹಿಡಿಗೆ ಬಾಚಿಕೊಂಡಳು. ಹಿಡಿಯುವಾಗ ಬೆರಳು ಕತ್ತಿನ ಹಿಂಭಾಗಕ್ಕೆ ತಾಗಿ, ಅಲ್ಲೇ ಉಳಿಯಿತು.

ಅದು ಅತ್ತೆಯ ಬೆರಳೋ ಹೆತ್ತವಳದೋ ಪಿಸಿಲಾಳಿಗೆ ತಿಳಿಯಲಿಲ್ಲ. ಮುಖ ನೋಡಿದರೆ ಗೊತ್ತಾದೀತು ಎಂದು ತಿರುಗಹೊರಟಳು.

"ಅಲ್ಲಾಡಬೇಡ" ಎಂದಳು ತೋಕಿಲುಪೆ.

ಕತ್ತರಿ ಆಡಿತು. ಕೂದಲು ಹರಕು ಚಾಪೆಯ ಎಳೆಗಳ ಮೇಲೆ ಬಿತ್ತು, ಕೆಲವು ಎಳೆಗಳೊಳಗೇ ಸಿಕ್ಕಿಕೊಂಡವು. ಹಿತ್ತಿಲ ಬಾಗಿಲಲ್ಲಿ ಇಲೈಸಾನೆ ಹೊಗೆಗೆ ಕೆಂಪಾದ ಕಣ್ಣಿನಿಂದ ನೋಡುತ್ತ ನಿಂತಿದ್ದವಳು, ಯಾರೂ ಕರೆಯುವ ಮೊದಲೇ ಮತ್ತೆ ಒಲೆಯ ಕಡೆ ಸರಿದಳು.

"ಆಯ್ತು, ಏಳು" ಎಂದಳು ತೋಕಿಲುಪೆ. ಕತ್ತಿನ ಮೇಲಿನ ಬೆರಳು ಇನ್ನೂ ತೆಗೆದಿರಲಿಲ್ಲ. "ಒಲೆ ಹತ್ರ ಹೋಗು. ಅಲ್ಲಿ ನಿಮ್ಮಮ್ಮ ಒಬ್ಬಳೇ ಇದಾಳೆ."