ಯಮನೂರಪ್ಪ ತೋರಿಸಿದ ಮಂಗಳೂರು

ಲಾಡ್ಜಿನ ಬಾಗಿಲಲ್ಲಿ ತಾಯಿಯ ಜೊತೆ ನಿಂತಿದ್ದ ಅಂಜಲಿಯನ್ನು ದಾಟಿಕೊಂಡು ಗೈಡ್ ಸೀದಾ ಒಳಗೆ ಹೋದ.

"ಗೆಸ್ಟ್ ಎಲ್ಲಿ ಮಾರಾಯ್ರೆ? ಲಿಂಗಸುಗೂರಿನ ಸಿಸ್ಟರ್ ಒಬ್ಬರು ಬುಕ್ ಮಾಡಿದ್ದಾರಲ್ಲ?"

ಕೌಂಟರಿನವನು ಬಾಗಿಲ ಕಡೆ ಕೈ ತೋರಿಸಿದ. ಗೈಡ್ ತಿರುಗಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಓ, ನೀವಾ? ನಾನು ರೂಮ್ ಗುಡಿಸುವವರು ಅಂತ ತಿಳಿದೆ" ಎಂದು ನಕ್ಕ.

ಅಂಜಲಿಗೆ ನಗು ಬರಲಿಲ್ಲ. ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ನರ್ಸ್. ತುರ್ವಿಹಾಳದ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ ಸೊಂಟ ಬಾಗಿದ್ದ ತಾಯಿ ಕರೆಮ್ಮ ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಸಮುದ್ರ ನೋಡಬೇಕು ಎಂಬುದೊಂದೇ. ಬರೀ ನೀರು ಯಾಕೆ, ಹಳೆಯ ಊರನ್ನೂ ತಿಳಿದವರ ಬಾಯಿಂದ ಕೇಳುತ್ತ ನೋಡಲಿ ಎಂದು ಅಂಜಲಿ ಇಡೀ ದಿನಕ್ಕೆ ತಮಗಾಗಿಯೇ ಕಾರು, ಗೈಡ್ ಗೊತ್ತು ಮಾಡಿದ್ದಳು. ಅವ್ವನ ದಿನ ಕೆಡುವುದು ಬೇಡವೆಂದು ಗೈಡಿನ ಮಾತನ್ನು ನುಂಗಿಕೊಂಡಳು.

ಹಳೆಯ ಕಲ್ಲಿನ ಕಾವಲು ಗೋಪುರವಾದ ಸುಲ್ತಾನ್ ಬತ್ತೇರಿಯಲ್ಲಿ ಗೈಡ್ ಎರಡೇ ಮಾತು ಹೇಳಿ ಫೋನ್ ಹಿಡಿದ. ಕರೆಮ್ಮ ಗೋಡೆ ಮುಟ್ಟಿ ನೋಡುತ್ತ, "ಇಷ್ಟು ದೊಡ್ಡ ಕಲ್ಲು ಯಾರು ಹೊತ್ತಿದ್ರಪಾ?" ಎಂದು ಕೇಳಿದರೆ, "ಅದೆಲ್ಲ ಯಾರಿಗೆ ಗೊತ್ತುಂಟು ಅಜ್ಜಿ, ಫೋಟೋ ತೆಗೀರಿ" ಎಂದ.

ಅಲ್ಲಿಂದ ಕಾರು ಒಂದು ಸರ್ಕಲ್ಲಿಗೆ ಬಂತು. ರಸ್ತೆ ಬದಿಯಲ್ಲಿ ಬುತ್ತಿಚೀಲ, ಗುದ್ದಲಿ ಹಿಡಿದ ಐವತ್ತು ಅರವತ್ತು ಮಂದಿ, ಕೂಲಿಗೆ ಕರೆಯುವವರ ದಾರಿ ಕಾಯುತ್ತ ನಿಂತಿದ್ದರು.

"ಗ್ಲಾಸ್ ಮೇಲೆ ಮಾಡಿ. ಎಲ್ಲ ನಿಮ್ಮ ಕಡೆಯವರೇ. ಇವರು ಬಂದ ಮೇಲೆ ನಮ್ಮ ಊರಿನ ಅಂದವೇ ಹಾಳಾಯ್ತು," ಎಂದ ಕಾರು ಓಡಿಸುತ್ತಿದ್ದ ಗೈಡ್.

"ಗಾಡಿ ನಿಂದ್ರಸಪ್ಪಾ," ಎಂದಳು ಕರೆಮ್ಮ.

"ಇಲ್ಲಿ ನೋಡುವಂಥದ್ದು ಎಂಥದೂ ಇಲ್ಲ ಅಜ್ಜಿ."

"ನಿಂದ್ರಸು ಅಂದೆ!" ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ಗಂಟಲು. ಕಾರು ನಿಂತಿತು.

ಕರೆಮ್ಮ ಇಳಿದು, ತುದಿಯಲ್ಲಿ ಒಬ್ಬನೇ ಕೂತಿದ್ದ ನರೆಗೂದಲಿನವನ ಮುಂದೆ ನಿಂತಳು. "ಯಾವೂರಪ್ಪಾ?"

"ಬಳಗಾನೂರು ರೀ ಯಕ್ಕ. ಯಮನೂರಪ್ಪ ಅಂತಾರ. ಹೆಂಚು ಹೊದಿಸೋ ಕೆಲಸ. ಹದಿನೆಂಟು ವರ್ಷ ಆತು ಇಲ್ಲಿಗಿ ಬಂದು. ಇವತ್ತ ಹೊತ್ತಾತು, ಇನ್ನ ಯಾರೂ ಕರಿಯಾಂಗಿಲ್ಲ."

ಹಳೆಯ ಊರು ನೋಡಲು ಬಂದವರೆಂದು ತಿಳಿದದ್ದೇ ಅವನ ಮುಖ ಅರಳಿತು. "ಬಂದರದ ಹಂತ್ಯಾಕ ಹಳೇ ಸಾವಕಾರನ ಮನಿ ಐತಿ. ಬಿದ್ದು ಹೋಗಿತ್ತು, ಈಗ ಮ್ಯೂಸಿಯಂ ಮಾಡ್ಯಾರ. ಮ್ಯಾಲಿನ ಹೆಂಚು ಪೂರಾ ನಾನ ಹೊದಿಸೀನಿ."

"ಹಂಗಾರ ಕಾರಿನ್ಯಾಗ ಕುಂದ್ರು. ನೀನ ತೋರ್ಸು."

ಗೈಡ್ ಕಾರಿನ ಬಾಗಿಲಿಗೆ ಅಡ್ಡ ಬಂದ. "ಇವರನ್ನೆಲ್ಲ ಹತ್ತಿಸ್ಲಿಕ್ಕೆ ಆಗುದಿಲ್ಲ. ಸೀಟು ಹಾಳಾಗ್ತದೆ. ರೂಲ್ಸ್ ಉಂಟು."

ಬೆಳಿಗ್ಗೆಯಿಂದ ಅದುಮಿಟ್ಟದ್ದೆಲ್ಲ ಅಂಜಲಿಯ ಬಾಯಿಗೆ ಬಂತು. "ಬಾಗಿಲದಾಗ ನಮ್ಮನ್ನ ನೋಡಿ ಗುಡಿಸೋರು ಅಂದ್ರಿ. ಗುಡಿಸೋದು ನಾಚಿಗಿ ಕೆಲಸಲ್ಲ ರೀ, ಅದಕ್ಕ ನಕ್ಕ್ರಲ್ಲ, ಅದು ನಾಚಿಗೇಡು. ನಮ್ಮ ಮಂದಿ ಕಟ್ಟಿದ ಮನಿ ಬೇಕು, ನಮ್ಮ ಮಂದಿ ಕಣ್ಣಿಗಿ ಬೀಳಬಾರ್ದು, ಹೌದಿಲ್ಲೋ? ನೀವಿನ್ನ ಹೋಗ್ರಿ. ನಮಗ ಗೈಡ್ ಸಿಕ್ಕಾರ."

ಮೂವರೂ ಸಿಟಿ ಬಸ್ಸು ಹತ್ತಿದರು.

ಮ್ಯೂಸಿಯಮ್ಮಿನ ಗೇಟಿನಲ್ಲಿ ವಾಚ್‌ಮನ್ ಯಮನೂರಪ್ಪನಿಗೆ ಕೈ ಅಡ್ಡ ಹಿಡಿದ. "ಕೆಲಸದವರು ಹಿಂದಿನ ಗೇಟಿಂದ." ಯಮನೂರಪ್ಪ ಹಿಂದಕ್ಕೆ ಹೊರಟೇಬಿಟ್ಟ. ಅವನು ಹಾಗೆ ಸುಮ್ಮನೆ ಹೊರಟದ್ದು ಗೈಡಿನ ಮಾತಿಗಿಂತ ಹೆಚ್ಚು ಉರಿಸಿತು ಅಂಜಲಿಯನ್ನು.

"ಕಾಕಾ, ಎಲ್ಲಿಗಿ ಹೊಂಟ್ರಿ? ಇತ್ಲಾಗ ಬರ್ರಿ!" ಮೂರು ಟಿಕೀಟನ್ನು ವಾಚ್‌ಮನ್ ಮುಖದ ಮುಂದೆ ಹಿಡಿದಳು. "ಹಿಂದಿನ ಗೇಟು ಅಂತ ಯಾವುದರ ಮ್ಯಾಲ ಬರ್ದೈತಿ, ತೋರ್ಸ್ರಿ." ಅವನು ಪಕ್ಕಕ್ಕೆ ಸರಿದ.

ಒಳಗೆ ಯಮನೂರಪ್ಪ ತಲೆಯೆತ್ತಿ ನಿಂತ. ಮಾತು ತಾನಾಗಿ ಹೊರಟಿತು. ಯಾವ ತೊಲೆಗೆ ಗೆದ್ದಲು ಹಿಡಿದಿತ್ತು, ಮುಚ್ಚಿಹೋದ ಕಾರ್ಖಾನೆಯ ಹಳೆ ಹೆಂಚುಗಳನ್ನು ಎಲ್ಲೆಲ್ಲಿಂದ ಹುಡುಕಿ ತಂದರು, ಮೊದಲ ಮಳೆಗೆ ಸೋರಿದ ಮೂಲೆಯನ್ನು ಮೂರು ಸಲ ಬಿಚ್ಚಿ ಹೇಗೆ ಹೊದಿಸಿದ. ನೋಡಲು ಬಂದಿದ್ದ ನಾಲ್ಕಾರು ಜನ ಬಂದು ಸುತ್ತ ನಿಂತರು. ಕರೆಮ್ಮ ಒಂದೊಂದಕ್ಕೂ ಪ್ರಶ್ನೆ ಹಾಕಿದಳು. ಒಂದಕ್ಕೂ ಅವನು ಗೊತ್ತಿಲ್ಲ ಎನ್ನಲಿಲ್ಲ.

ಹೊರಡುವಾಗ ಗೋಡೆಯ ಮೇಲಿನ ಅಮೃತಶಿಲೆಯ ಹೆಸರಿನ ಫಲಕ ಅಂಜಲಿಯ ಕಣ್ಣಿಗೆ ಬಿತ್ತು. ಮನೆಯ ಮಾಲೀಕರು, ಎಂಜಿನಿಯರು, ಕಂಟ್ರಾಕ್ಟರು, ದೀಪ ಹಚ್ಚಿದವರು. ಉದ್ಘಾಟನೆಗೆ ಶಾಮಿಯಾನ ಕೊಟ್ಟವನ ಹೆಸರೂ ಇತ್ತು. ಎರಡು ಸಲ ಓದಿ, ಅವಳು ಆಫೀಸಿಗೆ ನುಗ್ಗಿದಳು.

"ಲೇಬರ್ ಹೆಸರು ಹಾಕುವ ಕ್ರಮ ಇಲ್ಲ ಮೇಡಂ," ಎಂದ ಮ್ಯಾನೇಜರ್.

"ಶಾಮಿಯಾನದವನ ಹೆಸರು ಹಾಕಾಕ ಕ್ರಮ ಐತೇನು?"

"ಬಿಡವ್ವಾ, ಹೆಸರು ತಗೊಂಡು ನಾ ಏನ್ ಮಾಡ್ಲಿ?" ಎಂದ ಯಮನೂರಪ್ಪ ಬಾಗಿಲಿಂದ.

"ನೀವು ಬಿಟ್ರೂ ನಾ ಬಿಡಾಂಗಿಲ್ಲ ಕಾಕಾ." ನಿಂತಲ್ಲೇ ಎರಡು ಪುಟ ದೂರು ಬರೆದು, ಸಹಿ ಹಾಕಿ, ಮೊಹರು ಒತ್ತಿಸಿಕೊಂಡೇ ಹೊರಬಂದಳು.

ಮಧ್ಯಾಹ್ನ ಕರೆಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಮನದಣಿಯೆ ಸಮುದ್ರ ನೋಡಿದಳು. ದಂಡೆಯಲ್ಲಿ ಕೂತಿದ್ದ ಅಂಜಲಿಯ ಮೈ ಇನ್ನೂ ಕುದಿಯುತ್ತಿತ್ತು.

ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಪ್ರತಿ ಸೋಮವಾರ ಡ್ಯೂಟಿ ಮುಗಿಸಿ ಅವಳು ಮ್ಯೂಸಿಯಮ್ಮಿನ ಆಫೀಸಿಗೆ ಫೋನ್ ಮಾಡುತ್ತಾಳೆ.

"ಮೇಡಂ, ಮತ್ತೆ ಅದೇ ವಿಷಯವಾ?"

"ಹೌದ್ರಿ, ಅದ ವಿಷಯ. ಬರ್ಕೋರಿ: ಯಮನೂರಪ್ಪ, ಬಳಗಾನೂರು."