ಜಗಲಿಯಲ್ಲಿ ಕುಳಿತಿದ್ದವರು

ಸುಳ್ಯ ಪೇಟೆಯ ನಮ್ಮ ಬೀದಿಯಲ್ಲಿ ಈಗ ಹಂಚಿನ ಕಟ್ಟಡ ಒಂದೂ ಇಲ್ಲ. ವರ್ತಕರ ಸ್ಮರಣ ಸಂಚಿಕೆಗೆ ಆ ಕಟ್ಟಡಗಳ ಬಗ್ಗೆ ಬರೆಯಲು ನನಗೆ ಹೇಳಿದ್ದರು. ಮರದ ಮೆಟ್ಟಿಲಿನ ಮದ್ದಿನಂಗಡಿ, ಹಲಗೆ ಬಾಗಿಲಿನ ಜವಳಿ ಅಂಗಡಿ, ಎಲ್ಲಕ್ಕಿಂತ ಹಳೆಯದಾದ ಪ್ರೇಮನಾಥರ ಮಾಳಿಗೆ. ಇಸವಿಗಳನ್ನು ಮೂರು ಸಲ ತಾಳೆ ನೋಡಿದೆ. ಮದ್ದಿನಂಗಡಿಯ ಬೆಕ್ಕು ಚೋಮುವನ್ನೂ ಬಿಡಲಿಲ್ಲ.

ಆ ಮಾಳಿಗೆಯ ಜಗಲಿಯಲ್ಲಿ ಜತ್ತಪ್ಪಣ್ಣ ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ಇಟ್ಟಿದ್ದರು. ನನ್ನ ಮೊದಲ ಯೂನಿಫಾರ್ಮ್ ಹೊಲಿದದ್ದು ಅವರೇ. ಬಾಡಿಗೆ ಚೀಟಿ ಎಂದೂ ಇರಲಿಲ್ಲ. ದೀಪಾವಳಿಗೊಮ್ಮೆ ಪ್ರೇಮನಾಥರ ತಂದೆಗೆ ಒಂದು ಅಂಗಿ ಹೊಲಿದು ಕೊಡುತ್ತಿದ್ದರು, ಅದೇ ಬಾಡಿಗೆ. ಮಾಳಿಗೆ ಕೆಡವುವಾಗ, ಹಳಬರಿಗೆಲ್ಲ ಹೊಸ ಕಟ್ಟಡದಲ್ಲಿ ಜಾಗ ಉಂಟು ಎಂದಿದ್ದ ಪ್ರೇಮನಾಥರು ಈಗ ಜಾಗ ಕೇಳಿದರೆ, ಜಗಲಿಯಲ್ಲಿ ಯಾರ್ಯಾರೋ ಕೂತಿರ್ತಾರೆ ಎನ್ನುತ್ತಿದ್ದರು.

"ಈ ಜತ್ತಪ್ಪ ಅಲ್ಲಿದ್ದ ಅಂತ ನೀವು ಬರೆದರೆ ಸಾಕು ಟೀಚರೇ. ಮತ್ತೆ ಅವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎಂದಿದ್ದರು ಜತ್ತಪ್ಪಣ್ಣ.

ಆಯಿತು ಎಂದಿದ್ದೆ. ಮೊದಲು ಹೆಸರು ಬರೆದೂ ಇದ್ದೆ. ನಾನು ಅತಿಥಿ ಉಪನ್ಯಾಸಕಿ. ಜೂನಿನಲ್ಲಿ ನನ್ನನ್ನು ಮತ್ತೆ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಕಾಲೇಜು ಸಮಿತಿಯವರಲ್ಲಿ ಪ್ರೇಮನಾಥರೂ ಒಬ್ಬರು. ವಾಕ್ಯವನ್ನು ತಿದ್ದಿದೆ. 'ಜಗಲಿಯಲ್ಲಿ ಟೈಲರ್ ಒಬ್ಬರು ಕುಳಿತಿರುತ್ತಿದ್ದರೆಂದು ಕೆಲವರು ನೆನೆಯುತ್ತಾರೆ.' ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಚಿಕೆ ಬಂದ ಮರುದಿನ, ರವಿಕೆ ಬಟ್ಟೆ ಹಿಡಿದುಕೊಂಡು ಹೋದೆ. ಜತ್ತಪ್ಪಣ್ಣ ಈಗ ಹಕೀಮರ ಕೊಡೆ ಅಂಗಡಿಯ ಎದುರು, ತಗಡಿನ ಮಾಡಿನ ಕೆಳಗೆ ಕೂರುತ್ತಾರೆ. ಮಿಷನ್ ಮೇಲೆ ಸಂಚಿಕೆ ತೆರೆದಿತ್ತು.

"ಎಂತ ಜತ್ತಪ್ಪಣ್ಣ, ಪುಸ್ತಕದಲ್ಲಿ ಬಂದ್ರಿಯಾ?" ಒಳಗಿನಿಂದ ಹಕೀಮ್ ಕೂಗಿದರು. "ಇನ್ನು ಒಂದು ಬಟನ್ ಹಾಕ್ಲಿಕ್ಕೂ ನಿಮ್ಮ ಹತ್ರ ಟೋಕನ್ ತೆಗೀಬೇಕಾ ಮಾರಾಯ್ರೆ?"

"ಬಂದಿದ್ದೇನೆ. ಟೈಲರ್ ಒಬ್ಬರು ಅಂತ."

ಹಕೀಮ್ ನಕ್ಕರು. ಆಮೇಲೆ ನನ್ನನ್ನು ನೋಡಿ, ಕೈಯಲ್ಲಿದ್ದ ಕೊಡೆಯ ಕಡ್ಡಿ ಸರಿಮಾಡತೊಡಗಿದರು.

ಜತ್ತಪ್ಪಣ್ಣ ಕನ್ನಡಕ ತೆಗೆದು ಒರೆಸಿದರು. "ಬೆಕ್ಕಿಗೆ ಹೆಸರು ಉಂಟು, ಟೀಚರೇ."

ಅವರ ಅಂಗಿಯ ಜೇಬಿನಲ್ಲಿದ್ದ ಗುರುತು ಹಾಕುವ ಸೀಮೆಸುಣ್ಣದ ಚೂರನ್ನು ನೋಡುತ್ತ ನಿಂತೆ. ನಾಚಿಕೆಯೂ ಆಗಲಿಲ್ಲ. ರವಿಕೆ ಬಟ್ಟೆ ಚಾಚಿದೆ.

ಅವರು ಸಂಚಿಕೆ ಮುಚ್ಚಿ ಬದಿಗಿಟ್ಟು, ಅಳತೆ ಪುಸ್ತಕ ತೆರೆದು, ಹೊಸ ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು:

"ಹೆಸರು?"

"ದೀಪ್ತಿ," ಎಂದೆ.

ಅವರು ಬರೆದುಕೊಂಡರು.